ನೆಲ ಡೊಂಕು

ಕ್ಲೆಮ್ ರಡಕ್ ಇಪ್ಪತ್ತೆರಡು ವರ್ಷ ಪಪುವಾದ ಗುಡ್ಡಗಳ ಮೇಲೆ ಪುಟ್ಟ ವಿಮಾನದಲ್ಲಿ ಟಪಾಲು, ಅಕ್ಕಿಮೂಟೆ, ಕೋಳಿ, ಬಸುರಿಯರನ್ನು ಸಾಗಿಸಿದವನು. ವಿಮಾನಕ್ಕೆ ಒಂದು ಗೀರೂ ಬಿದ್ದಿಲ್ಲ ಎಂದು ಜಂಬ ಕೊಚ್ಚುತ್ತಿದ್ದ. ಬಿದ್ದಿತ್ತು, ಎರಡು ಸಲ. ನೋಡಿದ್ದು ಕೋಳಿಗಳು ಮಾತ್ರ. ಈಗ ಎಪ್ಪತ್ತೆರಡರ ಪ್ರಾಯದಲ್ಲಿ, ಆಸ್ಟ್ರೇಲಿಯಾದ ಮರೀಬಾ ಊರಿನಲ್ಲಿ ಮರದ ಕಂಬಗಳ ಮೇಲೆ ನಿಂತ ತನ್ನ ಹಳೇ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಹಾರುತ್ತಾನೆ. ಹೋದ ಮಳೆಗಾಲದಿಂದ ಹೆಂಡತಿ ಬೆರಿಲ್ ಕಂಬಗಳನ್ನು ಯಾರಿಗಾದರೂ ತೋರಿಸು ಎನ್ನುತ್ತಲೇ ಇದ್ದಾಳೆ. ಇವನಿಗೆ ಪುರುಸೊತ್ತೆಲ್ಲಿ?

ಹತ್ತಿರದ ಕೇರ್ನ್ಸ್ ಪಟ್ಟಣದ ಒಂದು ಸಣ್ಣ ಕಂಪನಿ ವಿಮಾನ ಹಾರಿಸುವ ಆಟ ಮಾಡುತ್ತಿತ್ತು. ಹೊಸ ಅಪ್‌ಡೇಟ್ ಊರಿಗೆಲ್ಲ ಹೋಗುವ ಮುಂಚೆ ಹನ್ನೆರಡು ಜನ ಪರೀಕ್ಷಕರ ಕೈ ಸೇರುತ್ತಿತ್ತು. ಅವರಲ್ಲಿ ಕ್ಲೆಮ್ ಒಬ್ಬ. ಸಂಬಳವಿಲ್ಲ, ಆಟದ ಕೊನೆಗೆ ಹೆಸರು ಬರುತ್ತದೆ, ಅಷ್ಟೇ. ಅಷ್ಟೇ ಅವನಿಗೆ ಪ್ರಾಣ. ಅದರಲ್ಲೂ ಈ ಸಲ ಬಂದಿದ್ದು ಅವನೇ ಸಾವಿರ ಸಲ ಇಳಿದಿದ್ದ, ಗುಡ್ಡದ ಇಳಿಜಾರಿನ ರನ್‌ವೇ. ಗಾಳಿ ಎತ್ತಲಿಂದ ಬೀಸಲಿ, ಅಲ್ಲಿ ಕೆಳಗಿನಿಂದ ಏರಿಗೇ ಇಳಿಯಬೇಕು, ಮೇಲೆ ಹೋಗಿ ವಿಮಾನವನ್ನು ಅಡ್ಡ ನಿಲ್ಲಿಸಬೇಕು. ಕಂಪನಿಯವರು ಮೂತಿ ಮೇಲೆ ಮಾಡಿ ನಿಲ್ಲಿಸಿದ್ದರು. ಅದು ಹಿಮ್ಮುಖವಾಗಿ ಜಾರಿ ಕೆಳಗಿರುವ ಊರಶಾಲೆಗೆ ನುಗ್ಗುತ್ತದೆ ಎಂದು ಕ್ಲೆಮ್ ಬರೆದ ಮೇಲೆ ತಿದ್ದಿದರು.

ಆಮೇಲೆ ಶುರುವಾಯಿತು ಪೀಕಲಾಟ. ಚಕ್ರ ನೆಲ ಮುಟ್ಟಿದ್ದೇ ತಡ, ವಿಮಾನ ಎಡಕ್ಕೆ ಎಳೆದು ಚರಂಡಿಗೆ ಇಳಿಯುತ್ತಿತ್ತು. ಕ್ಲೆಮ್ ವರದಿ ಕಳಿಸಿದ. 'ನಮ್ಮಲ್ಲಿ ಕಾಣಲಿಲ್ಲ' ಎಂದು ಉತ್ತರ ಬಂತು. ಮತ್ತೆ ಕಳಿಸಿದ, ಮತ್ತೆ ಅದೇ ಉತ್ತರ. ಒಂದೇ ಅಪ್‌ಡೇಟಿನಲ್ಲಿ ಹೀಗೆ ಮೂರು ಸಲವಾದರೆ ಪರೀಕ್ಷಕನ ಹೆಸರು ಪಟ್ಟಿಯಿಂದ ಹೋಗುತ್ತದೆ. ಅದು ಅಲ್ಲಿಯ ಕಟ್ಟಳೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಬೆರಿಲ್, ಬಟ್ಟೆ ಮಡಚುತ್ತ. "ವಯಸ್ಸಾಯ್ತು ಅಂತ ಒಪ್ಕೊಂಡ್ಬಿಡು ಮಾರಾಯ."

ಕ್ಲೆಮ್‌ಗೆ ಅದು ಚುರುಕ್ಕೆಂದಿತು. ಅವಳು ಹೇಳಿದ್ದು ನಿಜವೇ ಇರಬಹುದೆಂಬ ಹೆದರಿಕೆಯೂ ಒಳಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಉಳಿಯುತ್ತದೆ. ಆದರೆ ಆ ರನ್‌ವೇ ಚರಂಡಿಗೆ ಎಳೆಯುತ್ತದೆಂದು ಲೋಕವೆಲ್ಲ ಆಡಿಕೊಂಡರೆ? ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ವರದಿ ಕಳಿಸಿಯೇಬಿಟ್ಟ.

ಶನಿವಾರ ಬೆಳಿಗ್ಗೆ ಕಂಪನಿಯ ಡೀನಾ ತಾನೇ ಕಾರು ಹತ್ತಿ ಬಂದಳು. ಪರೀಕ್ಷಕರ ಉಸ್ತುವಾರಿ ಅವಳದು. ಬೆರಿಲ್ ಕೊಟ್ಟ ಕುಂಬಳಕಾಯಿ ಸ್ಕೋನ್ ಎಂಬ ಬನ್ನು ತಿಂದು, ಕ್ಲೆಮ್‌ನ ಕುರ್ಚಿಯಲ್ಲಿ ಕೂತು, ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಅವನ ಪೆಡಲುಗಳ ಮೇಲೆ ಕಾಲಿಟ್ಟು ವಿಮಾನ ಇಳಿಸಿದಳು. ಸೀದಾ ಚರಂಡಿಗೆ. ಕಂಪ್ಯೂಟರು, ಕುರ್ಚಿ, ಪೆಡಲು ಎಲ್ಲವನ್ನೂ ಮನೆಯ ಕೆಳಗೆ, ಕಾರು ನಿಲ್ಲಿಸುವ ಸಿಮೆಂಟ್ ನೆಲಕ್ಕೆ ಹೊರಿಸಿ ಮತ್ತೆ ವಿಮಾನ ಇಳಿಸಿದಳು. ಗೆರೆ ಎಳೆದ ಹಾಗೆ ನೇರ ಹೋಯಿತು. ಮೇಲೆ ಬಂದು ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು ಕೋಣೆಯ ನೆಲದ ಮೇಲಿಟ್ಟಳು. ಅದು ಉರುಳಿ ಉರುಳಿ ಎಡಗೋಡೆಯ ಬೀರುವಿನ ಅಡಿ ಸೇರಿತು.

ಬೆರಿಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಂಬ ಕುಸಿದು ಮನೆ ವಾಲಿತ್ತು. ಮೈಭಾರ ಒಂಚೂರು ಕ್ಲೆಮ್‌ನ ಎಡಗಾಲಿಗೆ ಬಿದ್ದು, ಅವನಿಗೇ ತಿಳಿಯದಂತೆ ಎಡ ಪೆಡಲು ಒತ್ತುತ್ತಿತ್ತು.

ಕ್ಲೆಮ್‌ನ ಮುಖ ಬಾಡಿತು. "ತಪ್ಪು ನನ್ ಮನೇದು. ಹೆಸರು ಹೊಡೆದು ಹಾಕ್ಬಿಡಮ್ಮ."

ಡೀನಾ ಕುರ್ಚಿ, ಪೆಡಲು ಮತ್ತೆ ಮೇಲೆ ತರಿಸಿ, ತನ್ನ ಲ್ಯಾಪ್‌ಟಾಪ್ ತೆರೆದು ಹಳೆಯ ಅಪ್‌ಡೇಟ್ ಹಾಕಿ, ಅದೇ ವಾಲಿದ ಕೋಣೆಯಲ್ಲಿ ಕೂತು ಅದರ ಬೇರೊಂದು ರನ್‌ವೇಗೆ ವಿಮಾನ ಇಳಿಸಿದಳು. ನೇರ ಹೋಯಿತು. ಅವಳ ಕಿವಿ ಕೆಂಪಾಯಿತು.

"ಮೊದ್ಲು ನಮ್ಮ ಆಟ ಕಾಲಿನ ಸಣ್ಣ ಭಾರಾನ ಲೆಕ್ಕಕ್ಕೇ ಹಿಡೀತಿರ್ಲಿಲ್ಲ. ಇನ್ನೂ ನಿಜದ ಹಾಗಿರ್ಲಿ ಅಂತ ಈ ಸಲ ಆ ಸಡಿಲ ತೆಗೆದು ಹಾಕಿದ್ದು ನಾನೇ, ಕ್ಲೆಮ್. ನಮ್ಮ ಆಫೀಸಿನ ನೆಲ ಸಮ. ನಾವು ಹತ್ತು ವರ್ಷ ಹುಡುಕಿದ್ರೂ ಸಿಗ್ತಿರ್ಲಿಲ್ಲ. ಆಡೋರ ಮನೆ ನೆಲ ಎಲ್ಲಾ ಸಮ ಇರುತ್ತಾ? ಆ ಸಡಿಲ ಮತ್ತೆ ಹಾಕ್ತೀನಿ, ನಿಮ್ಮ ಹೆಸರೂ ಇರುತ್ತೆ."

ಕ್ಲೆಮ್ ಇನ್ನೊಂದು ಸ್ಕೋನ್ ತೆಗೆದುಕೊಂಡ. ಎರಡು ದಿನದ ಹಸಿವು ಒಟ್ಟಿಗೇ ಬಂದಿತ್ತು.

ಹೊರಡುವಾಗ ಡೀನಾ ಬಾಗಿಲಲ್ಲಿ ನಿಂತು, ಮುಂದಿನ ಪರೀಕ್ಷೆ ಮುಗಿಯುವ ತನಕ ಆ ಕೋಣೆಯ ನೆಲವನ್ನು ದಯವಿಟ್ಟು ಸರಿ ಮಾಡಿಸಬೇಡಿ ಎಂದು ಕೇಳಿಕೊಂಡಳು. ಕ್ಲೆಮ್ ಗೆದ್ದವನಂತೆ ಹೆಂಡತಿಯ ಕಡೆ ನೋಡಿದ.

"ಆ ಕೋಣೆ ಬೇಕಾದ್ರೆ ಹಾಗೇ ಬಿದ್ದಿರ್ಲಿ," ಎಂದಳು ಬೆರಿಲ್. "ಅಡುಗೆಮನೆ ಕಂಬಕ್ಕೆ ಸೋಮವಾರ ಜನ ಬರ್ತಾರೆ. ನಾನೇ ಹೇಳಾಗಿದೆ."

ಮೂರು ವಾರದ ಮೇಲೆ ಅಪ್‌ಡೇಟ್ ಹೊರಬಂತು. ಪರೀಕ್ಷಕರ ಪಟ್ಟಿಯಲ್ಲಿ ಈ ಸಲ ಹದಿಮೂರು ಸಾಲುಗಳಿದ್ದವು. ಕ್ಲೆಮ್ ರಡಕ್ ಎಂಬ ಹೆಸರಿನ ಕೆಳಗೆ 'ಅವರ ಮನೆಯ ನೆಲ' ಎಂದು ಹಾಕಿದ್ದರು. ಕ್ಲೆಮ್ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿ, ಬೆರಿಲ್‌ಳನ್ನು ಕೂಗಿ ಕರೆದ.