ಐದೂವರೆ ಮನೆ

ವೇದವತಿ ಮೇಡಂ ಅವರ ಸಂಗೀತದ ಕ್ಲಾಸಿನಲ್ಲಿ ನಾವು ಏಳು ಜನ. ಅದರಲ್ಲಿ ಆರು ಜನಕ್ಕೆ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿಲ್ಲ. ಏಳನೆಯವಳು ನಾನು, ರಂಜನಿ, ವಯಸ್ಸು ಮೂವತ್ತೆಂಟು. ಆ ಆರರಲ್ಲಿ ಒಬ್ಬಳು ನನ್ನ ಮಗಳೇ, ನಿಸರ್ಗಾ. ಅವಳು ಸರಳೆ ವರಸೆ ಮುಗಿಸಿ ಜಂಟಿ ವರಸೆಗೆ ಹೋಗಿ ಆಗಲೇ ಎಷ್ಟೋ ತಿಂಗಳಾಯಿತು. ನಾನು ಒಂದೂವರೆ ವರ್ಷದಿಂದ ಮೊದಲನೇ ಪಾಠದಲ್ಲೇ ಇದ್ದೇನೆ. ಕಾರಿನಲ್ಲಿ ವಾಪಸ್ ಬರುವಾಗ ಅವಳು ಹಿಂದಿನ ಸೀಟಿನಿಂದ "ಇಟ್ಸ್ ಓಕೆ ಅಮ್ಮ, ಯು ಆರ್ ಟ್ರೈಯಿಂಗ್" ಎಂದು ಸಮಾಧಾನ ಹೇಳುತ್ತಾಳೆ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ.

ಲಾಸ್ ಆಲ್ಟೋಸ್‌ನಲ್ಲಿ ಮೇಡಂ ಅವರ ಮಗ ಗೌತಮನ ಮನೆ. ಅದರ ಗರಾಜಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಜಮಖಾನ ಹಾಸಿ, ಎದುರಿಗೆ ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಶನಿವಾರ ಬೆಳಿಗ್ಗೆ ಅವರು ಪಾಠ ಮಾಡುತ್ತಾರೆ. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದೆಂದು ಗರಾಜಿನ ಬಾಗಿಲು ಕೆಳಗಿನ ತನಕ ಇಳಿಸಿರುತ್ತಾರೆ. ಕಿಟಕಿ ಇಲ್ಲ. ಮಕ್ಕಳೆಲ್ಲ ಮುಂದಿನ ಸಾಲು, ನಾನು ಹಿಂದೆ ವಾಟರ್ ಹೀಟರಿನ ಪಕ್ಕ. ಮಂಡಿ ಹಿಡಿದುಕೊಂಡಿತೆಂದು ಕಾಲು ಚಾಚಿದರೆ ಹೀಟರಿಗೆ ತಾಗುತ್ತದೆ, ಮಡಿಸಿದರೆ ನೋವು.

ಹೋಗಲಿ ಬಿಡು ಎಂದು ಬಿಟ್ಟುಬಿಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಗೌತಮ್ ನನ್ನ ಗಂಡ ಶ್ರೀಕಂಠನ ಮ್ಯಾನೇಜರು. ನಮ್ಮ ಗ್ರೀನ್ ಕಾರ್ಡಿನ ಸರದಿ ಯಾವ ಕಾಲಕ್ಕೆ ಬರುತ್ತದೋ ದೇವರಿಗೇ ಗೊತ್ತು. ಅದು ಬರುವವರೆಗೆ ಶ್ರೀಕಂಠ ಆ ಕೆಲಸ ಬಿಡುವ ಹಾಗಿಲ್ಲ, ಕೆಲಸ ಅವನನ್ನು ಬಿಡದಿದ್ದರೆ ಸಾಕು ಎಂಬ ಪರಿಸ್ಥಿತಿ. ಕಂಪನಿಯಲ್ಲಿ ಎರಡು ಸಲ ಲೇಆಫ್ ಆಗಿದೆ, ಎರಡು ಸಲವೂ ಇವನ ಹೆಸರು ಪಟ್ಟಿಗೆ ಸೇರದಂತೆ ನೋಡಿಕೊಂಡದ್ದು ಗೌತಮ್. ಹಾಗಿರುವಾಗ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಮೇಡಂ ನನ್ನ ತಟ್ಟೆಗೆ ಕೋಸಂಬರಿ ಬಡಿಸುತ್ತಾ, "ಮಗಳನ್ನ ಬಿಟ್ಟು ಹೊರಗೆ ಕಾರಲ್ಲಿ ಕೂತಿರ್ತೀಯಲ್ಲಮ್ಮ, ನೀನೂ ಬಂದು ಕಲಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಶ್ರೀಕಂಠ "ಖಂಡಿತ ಬರ್ತಾಳೆ ಮೇಡಂ, ಅವಳಿಗೂ ಆಸೆ" ಎಂದುಬಿಟ್ಟ.

ಆಸೆ ಇತ್ತು, ಸುಳ್ಳಲ್ಲ. ಸ್ಕೂಲಿನಲ್ಲಿ ನನ್ನನ್ನು ಯಾವಾಗಲೂ ಕೋರಸ್ಸಿನ ಕೊನೆಯಲ್ಲಿ ನಿಲ್ಲಿಸಿ, ಸುಮ್ಮನೆ ಬಾಯಾಡಿಸು ಎನ್ನುತ್ತಿದ್ದರು. ಒಮ್ಮೆಯಾದರೂ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಹಾಡಬೇಕು ಎಂಬುದು ನನ್ನ ಬಹಳ ವರ್ಷದ ಆಸೆ. ಆದರೆ ಮೇಡಂ ಅವರದ್ದು ಒಂದೇ ಪಟ್ಟು. "ಮೇಲಿನ ಸ ಸರಿಯಾಗಿ ಕೂರೋವರೆಗೂ ಮುಂದಿನ ಪಾಠ ಇಲ್ಲ." ಕೆಳಗಿನ ಸ ಇಂದ ಹೊರಟು ರಿ ಗ ಮ ಪ ದ ನಿ ತನಕ ಹೇಗೋ ಹತ್ತುತ್ತಿದ್ದೆ. ಮೇಲಿನ ಸ ಬಂತೆಂದರೆ ಗಂಟಲು ಕಟ್ಟಿಹೋಗಿ ಧ್ವನಿ ಒಡೆದು ಕಿರ್ರೆನ್ನುತ್ತಿತ್ತು. ಮಕ್ಕಳು ತಿರುಗಿ ನೋಡುತ್ತಿದ್ದವು. ಮೇಡಂ ತಾಳ ನಿಲ್ಲಿಸಿ "ರಂಜನಿ, ಮತ್ತೆ ನಿಂದೇ" ಎನ್ನುತ್ತಿದ್ದರು. ಒಂದು ದಿನ ಶೀತವಾಗಿ ನಾನು ಬರೀ ಬಾಯಾಡಿಸುತ್ತಿದ್ದೆ. ಅವತ್ತೂ ಎಲ್ಲೋ ಕಿರ್ರೆಂದಿತು, ಅವತ್ತೂ "ರಂಜನಿ, ನಿಂದೇ" ಎಂದರು. ಯಾವುದೋ ಮಗುವಿನ ತಪ್ಪು ನನ್ನ ತಲೆಗೆ ಬಂತಲ್ಲ ಎಂದು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಭ್ಯಾಸ ಮಾಡುವ ಹಾಗೂ ಇರಲಿಲ್ಲ. ಗೋಡೆಗಳು ಹಪ್ಪಳ. ನಾನು ಸ ಎಂದರೆ ಕೆಳಗಿನ ಮನೆಯಾತ ಪೊರಕೆ ಹಿಡಿಯಿಂದ ತನ್ನ ಸೀಲಿಂಗಿಗೆ ಕುಟ್ಟುತ್ತಿದ್ದ. ಹಾಗಾಗಿ ಬಟ್ಟೆ ಒಗೆಯುವ ನೆಪದಲ್ಲಿ ಕೆಳಗಿನ ಲಾಂಡ್ರಿ ರೂಮಿಗೆ ಹೋಗಿ, ಡ್ರೈಯರ್ ಹಾಕಿ, ಆ ಗದ್ದಲದಲ್ಲಿ ಹಾಡಿಕೊಳ್ಳುತ್ತಿದ್ದೆ. ಒಂದು ಸಂಜೆ ಟವೆಲ್ ಮಡಿಸುತ್ತಾ, ಯಾವ ಯೋಚನೆಯೂ ಇಲ್ಲದೆ, ಡ್ರೈಯರಿನ ಗುಂಯ್ ಸದ್ದನ್ನೇ ಸ ಎಂದು ಹಿಡಿದು ಮೇಲೆ ಹೋದೆ. ಮೇಲಿನ ಸ ಬಂತು. ಆರಾಮವಾಗಿ ಬಂದು, ಬೇಕಾದಷ್ಟು ಹೊತ್ತು ಅಲ್ಲೇ ನಿಂತಿತು. ಕೈಯಲ್ಲಿದ್ದ ಟವೆಲ್ ಹಾಗೇ ಉಳಿಯಿತು. ಫೋನಿನಲ್ಲಿ ಶ್ರುತಿಯ ಆ್ಯಪ್ ತೆರೆದು ಡ್ರೈಯರಿಗೆ ಹೊಂದಿಸಿ ನೋಡಿದೆ. ಮೂರು ಮನೆ.

ಹಾರ್ಮೋನಿಯಂನ ಒಂದೊಂದು ಕೀಲಿಗೂ ನಮ್ಮಲ್ಲಿ ಮನೆ ಎನ್ನುತ್ತಾರಲ್ಲ, ಎರಡರ ನಡುವಿನ ಕರಿ ಕೀಲಿ ಅರ್ಧ ಮನೆ, ಹಾಡುವವರು ಯಾವ ಮನೆಯನ್ನು ಸ ಎಂದು ಹಿಡಿಯುತ್ತಾರೋ ಅದು ಅವರ ಶ್ರುತಿ. ಸಂಖ್ಯೆ ಏರಿದ ಹಾಗೆ ಧ್ವನಿಯೂ ಏರಬೇಕು. ಮೇಡಂ ಅವರ ಪೆಟ್ಟಿಗೆ ಸದಾ ಐದೂವರೆ ಮನೆಯಲ್ಲಿ ಇರುತ್ತದೆ. ಅಂದರೆ ಒಂದೂವರೆ ವರ್ಷದಿಂದ ನಾನು ನನ್ನದಲ್ಲದ ಮನೆಯಲ್ಲಿ ಗಂಟಲು ಹರಿದುಕೊಂಡಿದ್ದೆ.

ಓಡಿ ಬಂದು ಶ್ರೀಕಂಠನಿಗೆ ಹೇಳಿದೆ. "ನಂದು ಐದೂವರೆ ಮನೆ ಅಲ್ಲ ಕಣೋ, ಮೂರು ಮನೆ."

ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಈ ಊರಲ್ಲಿ ಒಂದು ಮನೆ ತಗೊಳಕ್ಕೇ ಕೈಲಾಗ್ತಿಲ್ಲ, ನಿಂಗೆ ಮೂರಾ?"

ಬಿಡಿಸಿ ಹೇಳಿದ ಮೇಲೆ ಅವನಿಗೆ ಗಾಬರಿಯಾಯಿತು. "ಅದನ್ನೆಲ್ಲ ಮೇಡಂ ಹತ್ರ ಹೇಳ್ಬೇಡ. ಬೇರೆ ಟೀಚರ್ ಅಂತೂ ಮಾತೇ ಎತ್ಬೇಡ. ನೀನು ಬಿಟ್ರೆ ಸೋಮವಾರ ಮೀಟಿಂಗಲ್ಲಿ ಗೌತಮ್‌ಗೆ ನಾನು ಹೇಗೆ ಮುಖ ತೋರಿಸ್ಲಿ? ಗ್ರೀನ್ ಕಾರ್ಡ್ ಬರಲಿ, ಆಮೇಲೆ ನಿನ್ನಿಷ್ಟ."

"ಅಲ್ಲೀವರೆಗೆ ನಂಗೆ ಹಲ್ಲೇ ಉದುರಿ ಹೋಗಿರುತ್ತೆ" ಎಂದೆ. ಆದರೂ ಮುಂದಿನ ಶನಿವಾರ ಮೆಲ್ಲಗೆ ಮೇಡಂ ಬಳಿ ಬಾಯಿ ಬಿಟ್ಟೆ. "ನನ್ನ ಶ್ರುತಿ ಸ್ವಲ್ಪ ಕೆಳಗಿರಬಹುದಾ ಮೇಡಂ? ಒಂದೇ ಒಂದು ಸಲ ಮೂರಕ್ಕೆ ಇಳಿಸಿ ನೋಡೋಣ್ವಾ?" ಅವರ ಮುಖ ಬಿಗಿದುಕೊಂಡಿತು. ಶ್ರುತಿಪೆಟ್ಟಿಗೆಯ ತಿರುಪಿನ ಮೇಲೆ ಕೈ ಅಡ್ಡ ಇಟ್ಟು, "ಮೂರು ಅಂದ್ರೆ ಗಂಡಸರ ಕಡೆ ಶ್ರುತಿ ಕಣಮ್ಮ. ಇಲ್ಲಿ ಎಲ್ಲರದ್ದೂ ಐದೂವರೆ" ಎಂದರು. ಅಲ್ಲಿಗೆ ಮಾತು ಮುಗಿಯಿತು. ಗಂಡನ ಆಫೀಸು, ಮಗಳ ಕ್ಲಾಸು, ಇಳಿಸಿದ ಗರಾಜಿನ ಬಾಗಿಲು, ಎಲ್ಲ ಸೇರಿ ನನ್ನನ್ನು ಆ ಹೀಟರಿನ ಪಕ್ಕಕ್ಕೆ ಕಟ್ಟಿ ಹಾಕಿದ್ದವು.

ಫೆಬ್ರವರಿಯಲ್ಲಿ ಸ್ಕೂಲುಗಳಿಗೆ ಒಂದು ವಾರ ರಜೆ ಬಂತು. ಮಕ್ಕಳೆಲ್ಲ ಟಾಹೋಗೆ, ಹಿಮದಲ್ಲಿ ಜಾರಲು. ನಿಸರ್ಗಾಳೂ ಗೆಳತಿಯ ಮನೆಯವರ ಜೊತೆ ಹೋಗಿದ್ದಳು. ಕ್ಲಾಸಿಗೆ ಹೋದವಳು ನಾನೊಬ್ಬಳೇ.

"ನೀನೊಬ್ಬಳೇನಾ?" ಎಂದರು ಮೇಡಂ. ಅವರಿಗೆ ಅದು ಇಷ್ಟವಾದ ಹಾಗೆ ಕಾಣಲಿಲ್ಲ. "ಹಾಗಾದ್ರೆ ಇವತ್ತು ಬೇಡ ಬಿಡು."

"ಬಂದಾಗಿದೆಯಲ್ಲ ಮೇಡಂ, ಒಂದು ಸಲ ಹಾಡಿ ಹೋಗ್ತೀನಿ."

ಇಬ್ಬರೂ ಎದುರುಬದುರು ಕೂತೆವು. ಸ ರಿ ಗ ಮ ಜೊತೆಯಲ್ಲೇ ಹೋಯಿತು. ಪ ದ ನಿ. ಅಲ್ಲಿಗೆ ಮೇಡಂ ಎಂದಿನಂತೆ ಹಾಡುವುದು ನಿಲ್ಲಿಸಿ ತೊಡೆ ತಟ್ಟುತ್ತಾ, ಗಲ್ಲ ಎತ್ತಿ, ಮೇಲಿನ ಸ ನೀನೇ ಹಾಡು ಎಂದು ಸನ್ನೆ ಮಾಡಿದರು. ಮಕ್ಕಳಿಗೂ ಯಾವಾಗಲೂ ಹಾಗೇ ಮಾಡುತ್ತಿದ್ದರು, ಅದು ಕಲಿಸುವ ರೀತಿ ಎಂದುಕೊಂಡಿದ್ದೆ. ನನಗೆ ಅವತ್ತು ಸಿಟ್ಟು ನೆತ್ತಿಗೇರಿತು. ನಾನೂ ನಿಲ್ಲಿಸಿದೆ.

"ಯಾಕೆ ನಿಲ್ಲಿಸಿದೆ?"

"ನೀವು ಹಾಡಿ ತೋರ್ಸಿ ಮೇಡಂ, ಕೇಳ್ಕೊಂಡು ಹಾಡ್ತೀನಿ. ಇಷ್ಟು ದಿನದಲ್ಲಿ ನಿಮ್ಮ ಬಾಯಲ್ಲಿ ಮೇಲಿನ ಸ ನಾನು ಕೇಳೇ ಇಲ್ಲ."

ಸಿಟ್ಟಿಗೆ ಆಡಿದ ಮಾತು. ಆಡಿದ ಮೇಲೆ ಅದು ನಿಜ ಎಂದು ನನಗೇ ಹೊಳೆಯಿತು. ಮೇಡಂ ಕಣ್ಣು ಮುಚ್ಚಿ ಕೆಳಗಿನಿಂದ ಹತ್ತಿಕೊಂಡು ಹೋದರು. ನಿ ದಾಟುತ್ತಿದ್ದಂತೆ ಅವರ ಧ್ವನಿ ಒಡೆದು ಕಿರ್ರೆಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬರೀ ಬಾಯಾಡಿಸುತ್ತಿದ್ದ ದಿನ ಕೇಳಿದ್ದು ಅದೇ.

"ಥೈರಾಯ್ಡ್ ಆಪರೇಷನ್ ಆದಾಗಿಂದ ಹೀಗೆ" ಎಂದರು ಮೇಡಂ. "ಮೇಲಕ್ಕೆ ಹೋಗೋದೇ ಇಲ್ಲ. ನಿ ಹತ್ರ ನಿಲ್ಲಿಸ್ಬಿಡ್ತೀನಿ, ಒಂದೊಂದ್ಸಲ ಮರೆತು ಮೇಲೆ ಹೋದ್ರೆ ಒಡೆಯುತ್ತೆ."

"ಶ್ರುತಿ ಇಳಿಸ್ಕೋಬಹುದಲ್ಲ ಮೇಡಂ. ಯಾರು ಬೇಡ ಅಂತಾರೆ?"

"ಗೌತಮ್ ಹುಟ್ಟಿದಾಗಿಂದ ನನ್ನ ಬಾಯಲ್ಲಿ ಕೇಳಿರೋದು ಐದೂವರೆ. ಒಂದು ಮನೆ ಇಳಿಸಿದ್ರೂ ಅವನಿಗೆ ಗೊತ್ತಾಗುತ್ತೆ. ಡಾಕ್ಟರ್ ಆವಾಗಲೇ ಗಂಟಲಿಗೆ ರೆಸ್ಟ್ ಕೊಡಿ ಅಂದಿದ್ರು, ಅವನು ಅದನ್ನೇ ಹಿಡ್ಕೊಂಡಿದಾನೆ. ಧ್ವನಿ ಹೋಗಿದೆ ಅಂತ ತಿಳಿದ್ರೆ ಕ್ಲಾಸು ನಿಲ್ಲಿಸಿ ಈ ಗರಾಜನ್ನ ಜಿಮ್ ಮಾಡ್ತಾನೆ. ನನ್ನ ಒಳ್ಳೇದಕ್ಕೇ ಮಾಡ್ತಾನೆ, ಇಲ್ಲ ಅನ್ನಲ್ಲ. ಆಮೇಲೆ ನಾನೇನು ಮಾಡ್ಲಿ ಹೇಳು. ವಾರದ ದಿನ ಈ ಮನೇಲಿ ನನ್ನ ಹತ್ರ ಮಾತಾಡೋದು ಆ ಕಸ ಗುಡಿಸೋ ರೋಬೋ ಒಂದೇ. ಅದೂ ಚಾರ್ಜ್ ಇಲ್ಲದಿದ್ರೆ."

ನನಗೆ ಆ ಭಾನುವಾರದ ಕೋಸಂಬರಿ ನೆನಪಾಯಿತು. "ಅದಕ್ಕೇ ನನ್ನನ್ನ ಕರೆದ್ರಾ ಮೇಡಂ?"

ಅವರು ತಲೆ ತಗ್ಗಿಸಿದರು. "ಮಕ್ಕಳ ಧ್ವನಿ ಮಧ್ಯೆ ನಂದು ಬೇರೆಯಾಗಿ ಕೇಳ್ಸುತ್ತೆ. ದೊಡ್ಡವರು ಇನ್ನೊಬ್ಬರು ಇದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಎದ್ದು ಹೋಗಬೇಕು ಎನ್ನಿಸಿತು. ಒಂದೂವರೆ ವರ್ಷ ಮಗಳ ಎದುರು ಅವಮಾನ ತಿಂದಿದ್ದೇನೆ, ಕಲಿಯಲು ಯೋಗ್ಯತೆ ಇಲ್ಲದವಳು ಎಂದು ಸ್ನಾನ ಮಾಡುವಾಗ ಅತ್ತಿದ್ದೇನೆ. ಯಾರದ್ದೋ ಧ್ವನಿಗೆ ಪರದೆ ಹಿಡಿಯಲು ನನ್ನನ್ನು ಕೂರಿಸಿದ್ದರಂತೆ. ಆದರೆ ಎದ್ದು ಹೋಗುವ ಬದಲು ನಾನು ಕೈ ಚಾಚಿ ಪೆಟ್ಟಿಗೆಯ ತಿರುಪನ್ನು ಮೂರಕ್ಕೆ ತಂದೆ. ಯಾಕೆ ಹಾಗೆ ಮಾಡಿದೆನೋ ಈಗಲೂ ಹೇಳಲಾರೆ. ಬಹುಶಃ ಒಂದು ಸಲವಾದರೂ ಆ ಗರಾಜಿನಲ್ಲಿ ಬಾಯಿ ತುಂಬ ಹಾಡಿಯೇ ಹೋಗೋಣ ಎನ್ನಿಸಿರಬೇಕು.

ಮೇಡಂ ಬೇಡ ಎನ್ನಲಿಲ್ಲ. ಸ ಹಿಡಿದರು, ನಾನೂ ಹಿಡಿದೆ. ಜೊತೆಯಾಗಿ ಮೇಲೆ ಹತ್ತಿದೆವು. ಮೇಲಿನ ಸ ಬಂದಾಗ ಇಬ್ಬರ ಧ್ವನಿಯೂ ಒಂದೇ ಕಡೆ ನಿಂತಿತು. ಅಷ್ಟು ದೊಡ್ಡ ಧ್ವನಿ ಅವರಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವರು ಅಲ್ಲಿಂದ ಕೆಳಗೆ ಇಳಿಯದೆ ಅಲ್ಲೇ ಸುತ್ತಾಡಿ, ರಾಗವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾ ಹೋದರು. ನಾನು ಸ ಒಂದನ್ನೇ ಹಿಡಿದು ಜೊತೆ ಕೊಟ್ಟೆ. ನನಗೆ ಖುಷಿಯಾಯಿತು. ಆ ಖುಷಿಯಲ್ಲಿ ಮಂಡಿ ನೋವೂ ಮರೆತುಹೋಗಿತ್ತು, ಸಿಟ್ಟೂ.

ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಮೇಡಂ ತಟ್ಟನೆ ಹಾಡು ನಿಲ್ಲಿಸಿ, ತಿರುಪನ್ನು ಐದೂವರೆಗೆ ತಿರುಗಿಸಿದರು. ಮನೆಯೊಳಗಿನ ಬಾಗಿಲಿನಿಂದ ಗೌತಮ್ ಬಂದ, ಕೈಯಲ್ಲಿ ಗ್ರೋಸರಿ ಚೀಲ. ನನ್ನೊಬ್ಬಳನ್ನೇ ನೋಡಿ ಅದನ್ನು ಕೆಳಗಿಟ್ಟ.

"ರಂಜನಿ, ನೀವೊಬ್ಬರೇ ಇದೀರಾ? ಗುಡ್. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಅಮ್ಮನ ವಾಯ್ಸ್ ಹೇಗಿದೆ? ಒಳಗೆ ಕಿಚನ್ನಲ್ಲಿ ಇದ್ದಾಗ ನಂಗೆ ಆಗಾಗ ಒಡೆದ ಸೌಂಡು ಕೇಳ್ಸುತ್ತೆ. ಕೇಳಿದ್ರೆ ಸ್ಟೂಡೆಂಟ್ ಅಂತಾರೆ. ಅಮ್ಮನೇ ಅಲ್ವಾ ಅದು? ಅವರು ಸ್ಟ್ರೈನ್ ಮಾಡ್ಕೋತಿದ್ರೆ ಇವತ್ತೇ ನಿಲ್ಲಿಸ್ಬಿಡೋಣ."

ಹೌದು ಎಂದರೆ ಸಾಕಿತ್ತು. ಕ್ಲಾಸು ಮುಚ್ಚುತ್ತದೆ. ಮುಚ್ಚಿದವನು ಗೌತಮನೇ ಆದ್ದರಿಂದ ಶ್ರೀಕಂಠ ನನ್ನ ಮೇಲೆ ಹಾರಾಡುವಂತಿಲ್ಲ. ಮೂರು ಮನೆಯಲ್ಲಿ ಕಲಿಸುವವರನ್ನು ಬೇರೆ ಎಲ್ಲಾದರೂ ಹುಡುಕಿಕೊಳ್ಳಬಹುದು. ನಾನು ಹೇಳಿದ್ದು ಸುಳ್ಳೂ ಆಗುವುದಿಲ್ಲ. ನಾಲಿಗೆಯ ತುದಿಯವರೆಗೆ ಬಂತು. ಮೇಡಂ ನನ್ನ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೆ, ಕಣ್ಣಲ್ಲೇ ಬೇಡಿಕೊಂಡಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ಅವರು ಜಮಖಾನದ ಅಂಚಿನ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ತೀರ್ಮಾನ ಆಗಲಿ ಎಂದು ಸುಮ್ಮನೆ ಕೂತಿದ್ದರು.

"ಅಯ್ಯೋ, ಅದು ನಾನೇ ಗೌತಮ್" ಎಂದೆ. "ಮೇಡಂ ಗಂಟಲಿಗೇನಾಗಿದೆ? ಮೇಲಿನ ಸ ಮುಟ್ಟಕ್ಕಾಗದೆ ಒದ್ದಾಡೋಳು ನಾನು. ಬೇಕಾದ್ರೆ ನಿಸರ್ಗಾನ ಕೇಳಿ."

ಅವನ ಮುಖದಲ್ಲಿ ನಿರಾಳ ಕಾಣಿಸಿತು. ಪಾಪ, ನಿಜವಾಗಿಯೂ ತಾಯಿಯ ಬಗ್ಗೆ ಹೆದರಿದ್ದ. ನಗುತ್ತಾ ಮೆಟ್ಟಿಲ ಮೇಲೆ ಕೂತ. "ಹಾಗಾದ್ರೆ ಅಮ್ಮ, ಸರಿ ಹೋಗೋವರೆಗೂ ಇವರನ್ನ ಬಿಡ್ಲೇಬೇಡ. ಎಷ್ಟು ವರ್ಷ ಆದ್ರೂ ಪರವಾಗಿಲ್ಲ. ಶ್ರೀಕಂಠನಿಗೆ ನಾನು ಹೇಳ್ತೀನಿ. ಎಲ್ಲಿ, ಹಾಡ್ಸು, ನಾನೂ ಸ್ವಲ್ಪ ಕೇಳ್ತೀನಿ."

ಮೇಡಂ ತೊಡೆಯ ಮೇಲೆ ತಾಳ ಹಾಕಿದರು. ಐದೂವರೆ ಮನೆಯಲ್ಲಿ ನಾನು ಒಬ್ಬಳೇ ಹೊರಟೆ. ಸ ರಿ ಗ ಮ ಪ ದ ನಿ. ಮೇಲಿನ ಸ ಬಂದಾಗ ಗಂಟಲು ಕಟ್ಟಿ, ಧ್ವನಿ ಒಡೆದು, ಗರಾಜಿಗೆಲ್ಲ ಕೇಳುವ ಹಾಗೆ ಕಿರ್ರೆಂದಿತು.

"ಇದೇ, ಇದೇ ಸೌಂಡು" ಎಂದ ಗೌತಮ್ ಸಂತೋಷವಾಗಿ.

"ಹೂಂ, ಇದೇ" ಎಂದರು ಮೇಡಂ. "ಇನ್ನೊಂದು ಸಲ ಹಾಡು ರಂಜನಿ."