ನಾಲ್ಕು ಅಡಿ ದೂರ

ಫೋಟೋದಲ್ಲಿ ಗೋಡೆ ಬಹಳ ಚೆನ್ನಾಗಿ ಬಂದಿತ್ತು. ಸುಣ್ಣ ಎದ್ದ ಜಾಗ, ಮೊಳೆಗೆ ನೇತುಹಾಕಿದ ಚೀಲ, ಕ್ಯಾಲೆಂಡರಿನ ಕೆಂಪು ಅಂಕಿಗಳು, ಎಲ್ಲವೂ ಓದಿಕೊಳ್ಳುವಷ್ಟು ಸ್ಪಷ್ಟ. ಅವುಗಳಿಗಿಂತ ಎಷ್ಟೋ ಮುಂದೆ, ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ತಂಗಿಯ ಮುಖ ಮಾತ್ರ ನೀರು ಬಿದ್ದ ಇಂಕಿನ ಹಾಗೆ ಹರಡಿಕೊಂಡಿತ್ತು. ಒಂದಲ್ಲ ಎರಡಲ್ಲ, ಇಡೀ ರೀಲು ಹಾಗೇ. ಆ ಹಾಳು ಗೋಡೆಯ ಫೋಟೋ ಯಾರಿಗೆ ಬೇಕಿತ್ತು?

ಅಕ್ಕ ರಫೂ ಕೆಲಸದವಳು. ಕೆಳಗಿನ ಲಾಂಡ್ರಿಗೆ ಬರುವ ಕೋಟು, ಶಾಲುಗಳಲ್ಲಿ ಹುಳ ತಿಂದ ತೂತೋ ಸಿಗರೇಟು ಸುಟ್ಟ ಗುರುತೋ ಇದ್ದರೆ, ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ಅಲ್ಲಿ ತೂತಿತ್ತೆಂದು ಯಾರಿಗೂ ಗೊತ್ತಾಗದ ಹಾಗೆ ಹೆಣೆದು ಮುಚ್ಚುತ್ತಿದ್ದಳು. ಬಟ್ಟೆ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೇ ಆ ಕೆಲಸ ಆಗುವುದು. ಲಾಂಡ್ರಿಯ ಮೇಲಿನ ಒಂದೇ ಕೋಣೆಯಲ್ಲಿ ಅವಳೂ ತಂಗಿಯೂ ಇದ್ದರು. ತಂಗಿ ಹುಟ್ಟಿದಾಗಿನಿಂದ ಸಣಕಲು, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕಡ್ಡಿ. ಮಾತೂ ಕಡ್ಡಿ ಮುರಿದ ಹಾಗೇ ಇರುತ್ತಿತ್ತು. ಈಗ ಆ ಮಾತಿಗೂ ಉಸಿರು ಸಾಲದು. ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ, ಇನ್ನು ಔಷಧಿಗೆ ಬಗ್ಗುವುದಿಲ್ಲ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಡಾಕ್ಟರು ಕೈಚೆಲ್ಲಿದ್ದರು.

ಅಮ್ಮ ಸತ್ತಾಗ ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಮೊದಮೊದಲು ಕಣ್ಣು ಮುಚ್ಚಿದರೆ ಸಾಕು, ಅಮ್ಮ ಬರುತ್ತಿದ್ದಳು. ಬರಬರುತ್ತ ಅವಳ ಕೈ ಬರುತ್ತಿತ್ತು, ನಡಿಗೆ ಬರುತ್ತಿತ್ತು, ಮುಖ ಬರುವುದೇ ನಿಂತುಹೋಯಿತು. ಹೆತ್ತವಳ ಮುಖ ಮರೆತವಳು ನಾನು ಎಂಬ ಸಂಕಟ ಅಕ್ಕನನ್ನು ಒಳಗೊಳಗೇ ತಿನ್ನುತ್ತಿತ್ತು. ಕಡ್ಡಿಯೂ ಹಾಗೆ ಅಳಿಸಿಹೋಗಬಾರದು. ಅದಕ್ಕೇ ಲಾಂಡ್ರಿಯವನ ಡ್ರಾಯರಿನಲ್ಲಿ ಬಿದ್ದಿದ್ದ ರೀಲ್ ಕ್ಯಾಮೆರಾ ಕೇಳಿ ತಂದಿದ್ದಳು. ಪ್ಲಾಸ್ಟಿಕ್ಕಿನ ಅಗ್ಗದ ಮಾಲು, ನೋಡುವುದಕ್ಕೊಂದು ಕಿಂಡಿ, ಒತ್ತುವುದಕ್ಕೊಂದು ಗುಂಡಿ, ರೀಲು ಸರಿಸುವುದಕ್ಕೊಂದು ಚಕ್ರ, ಅಷ್ಟೇ.

"ಕೈ ನಡುಗಿರ್ಬೇಕು ನಂದು," ಎಂದಳು ಅಕ್ಕ, ಫೋಟೋಗಳನ್ನು ಲಾಂಡ್ರಿಯವನ ಮುಂದೆ ಹರಡಿ.

"ನಿನ್ನ ಕೈ ನಡುಗಿದ್ರೆ ಗೋಡೆನೂ ಕಲಸಿಹೋಗ್ಬೇಕಿತ್ತಲ್ಲಮ್ಮ. ಗೋಡೆ ನೆಟ್ಟಗಿದೆ. ಅಂದ್ರೆ ಅಲುಗಾಡಿದ್ದು ನಿನ್ನ ತಂಗಿ. ಏದುಸಿರು ಬಿಡ್ತಾಳಲ್ಲ, ಅದಕ್ಕೇ."

ಇಸ್ತ್ರಿಪೆಟ್ಟಿಗೆ ಬಿಟ್ಟು ಬೇರೇನೂ ಅರಿಯದ ಮನುಷ್ಯ ನ್ಯಾಯಾಧೀಶನ ಗತ್ತಿನಲ್ಲಿ ತೀರ್ಪು ಕೊಟ್ಟ. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಅನಾಹುತವಾದದ್ದೇ ಅದರಿಂದ.

ಹೊಸ ರೀಲು ಹಾಕಿದಳು. ಕ್ಯಾಮೆರಾದ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿದಳು. ಮಂಚವನ್ನು ಕಿಟಕಿಯ ಬೆಳಕಿಗೆ ಎಳೆದಳು. ಹೋದ ಸಲಕ್ಕಿಂತ ಇನ್ನೂ ಹತ್ತಿರ ಬಗ್ಗಿ, ಕಿಂಡಿಯ ತುಂಬ ತಂಗಿಯ ಮುಖವೇ ಬರುವ ಹಾಗೆ ಹಿಡಿದಳು.

"ಉಸಿರು ಬಿಗಿ ಹಿಡ್ಕೋ ಕಡ್ಡಿ. ನಾನು ಹೇಳೋವರೆಗೂ ಬಿಡ್ಬೇಡ."

"ಉಸಿರೇ ಇಲ್ದೋಳ ಹತ್ರ ಉಸಿರು ಸಾಲ ಕೇಳ್ತೀಯಲ್ಲೇ ಅಕ್ಕ."

"ತಮಾಷೆ ಸಾಕು. ಹಿಡ್ಕೋ."

ಕಡ್ಡಿ ಹಿಡಿದಳು. ಗುಂಡಿ ಒತ್ತಿದ ಮೇಲೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ತುಟಿ ನೀಲಿಗಟ್ಟಿತು. ಅಕ್ಕ ಬೆನ್ನು ಸವರಿದಳು, ನೀರು ಕುಡಿಸಿದಳು, ಸ್ವಲ್ಪ ಸುಧಾರಿಸಿಕೊಂಡಳು ಅನ್ನಿಸಿದ ಕೂಡಲೇ ಮತ್ತೆ ಕ್ಯಾಮೆರಾ ಎತ್ತಿದಳು. ಇನ್ನೊಂದೇ ಒಂದು ಎಂದಳು. ಆಮೇಲೆ ಇನ್ನೊಂದು. ಒಮ್ಮೆ ಮಧ್ಯದಲ್ಲೇ ತಡೆಯಲಾರದೆ ಉಸಿರು ಬಿಟ್ಟಾಗ ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಒಂದು ಕ್ಷಣ ತಡ್ಕೊಳ್ಳೋಕಾಗಲ್ವಾ ನಿಂಗೆ? ಯಾರಿಗೋಸ್ಕರ ಮಾಡ್ತಿದೀನಿ ಇದನ್ನ?"

ಕಡ್ಡಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಮುಂದಿನ ಸಲ ಪೂರ್ತಿ ತಡೆದುಕೊಂಡಳು.

ಆ ರೀಲು ಮೊದಲಿನದಕ್ಕಿಂತ ಕೆಟ್ಟದಾಗಿ ಬಂತು. ಈ ಸಲ ಅಕ್ಕ ರೀಲು ತೊಳೆಸುವ ಸ್ಟುಡಿಯೋದಲ್ಲಿ ಕೌಂಟರಿನ ಹುಡುಗಿಯನ್ನು ದಾಟಿ ಒಳಗಿದ್ದ ಯಜಮಾನರ ಹತ್ತಿರವೇ ಹೋದಳು. ಅವರು ಫೋಟೋ ನೋಡಿದರು, ಕ್ಯಾಮೆರಾ ತಿರುಗಿಸಿ ನೋಡಿದರು.

"ಎಷ್ಟು ದೂರ ನಿಂತು ತೆಗೆದ್ರಿ?"

ಅಕ್ಕ ಕೈ ಚಾಚಿ ತೋರಿಸಿದಳು, ಒಂದು ಮೊಳ.

"ಅದೇ ನೋಡಿ. ಕ್ಯಾಮೆರಾದಲ್ಲಿ ದೋಷ ಇಲ್ಲ. ಇದರ ಗಾಜು ಒಂದೇ ಕಡೆ ಕೂತಿರುತ್ತೆ, ಹಿಂದೆ ಮುಂದೆ ಸರಿಯೋಲ್ಲ. ನಾಲ್ಕು ಅಡಿಗಿಂತ ಹತ್ತಿರ ಇರೋದು ಇದಕ್ಕೆ ಕಾಣಲ್ಲ. ಗೋಡೆ ದೂರ ಇತ್ತು, ಬಂತು."

"ಹತ್ತಿರ ಹೋದ್ರಲ್ವಾ ಚೆನ್ನಾಗಿ ಕಾಣೋದು?"

"ನಿಮ್ಮ ಕಣ್ಣಿಗೆ ಕಾಣುತ್ತೆ."

ಅಕ್ಕ ಫೋಟೋಗಳನ್ನು ಮತ್ತೆ ನೋಡಿದಳು. "ಹಾಗಾದ್ರೆ... ಅವಳು ಉಸಿರಾಡಿದ್ದಕ್ಕೆ ಹೀಗಾಗಿದ್ದಲ್ವಾ?"

ಯಜಮಾನರು ನಕ್ಕರು. "ಉಸಿರಾಡಿದ್ರೆ ಏನಾಗುತ್ತಮ್ಮ? ಹಗಲು ಬೆಳಕಲ್ಲಿ ಧಾರಾಳವಾಗಿ ಮಾತಾಡ್ತಾ ಕೂತಿರ್ಲಿ, ನಗ್ತಾ ಇರ್ಲಿ."

ದಾರಿಯುದ್ದಕ್ಕೂ ಅಕ್ಕ ತನಗೆ ತಾನೇ ಶಾಪ ಹಾಕಿಕೊಂಡಳು. ಇರುವ ನಾಲ್ಕು ಉಸಿರಿನಲ್ಲಿ ಎಷ್ಟನ್ನು ತಾನು ಸುಮ್ಮಸುಮ್ಮನೆ ಹಿಂಡಿಬಿಟ್ಟೆನೋ! ಮನೆ ಮುಟ್ಟಿದ ಕೂಡಲೇ ಹೇಳಬೇಕು, ತಪ್ಪು ನಿನ್ನದಲ್ಲ ಕಣೇ, ನನ್ನದು ಅಂತ. ಮೆಟ್ಟಿಲು ಹತ್ತಿದಳು. ಕಡ್ಡಿ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಈ ಸಲನಾದ್ರೂ ಸರಿಯಾಗಿ ಕೂತಿದ್ನಾ ನಾನು?"

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೇಳಿದರೆ ಎಲ್ಲವನ್ನೂ ಹೇಳಬೇಕು, ಆ ನೀಲಿ ತುಟಿಗೆ ಕಾರಣವನ್ನೂ. ನಾಚಿಕೆ ಅವಳ ಬಾಯಿ ಕಟ್ಟಿತು.

"ಚೆನ್ನಾಗೇ ಕೂತಿದ್ದೆ. ರೀಲು ಹಳೇದಂತೆ. ಇನ್ನೊಂದ್ಸಲ ತೆಗೆಯೋಣ," ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ಹೊಲಿಗೆಯ ಟೇಪು ಹಿಡಿದು ನಾಲ್ಕು ಅಡಿ ಅಳೆದಳು. ಇನ್ನೂ ಒಂದು ಹೆಜ್ಜೆ ಇರಲೆಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಷ್ಟು ದೂರದಿಂದ ಕಿಂಡಿಯಲ್ಲಿ ತಂಗಿಯ ಮುಖ ಅಂಗಿಯ ಗುಂಡಿಯಷ್ಟಿತ್ತು. ಹತ್ತಿರದ ಎಳೆ ನೋಡಿಯೇ ಸವೆದ ಕಣ್ಣಿಗೆ ಅದರಲ್ಲಿ ಕಣ್ಣು ಯಾವುದು, ಬಾಯಿ ಯಾವುದು ಎಂಬುದೂ ಸರಿಯಾಗಿ ತಿಳಿಯಲಿಲ್ಲ. ಉಸಿರಿನ ಸುದ್ದಿ ಎತ್ತಲಿಲ್ಲ. ಎತ್ತದಿದ್ದರೆ ಅವಳೂ ಮರೆತಿರುತ್ತಾಳೆ ಅಂದುಕೊಂಡಳು. ಕಡ್ಡಿ ಈ ಸಲ ಅಚ್ಚುಕಟ್ಟಾಗಿ ಕೂತಿದ್ದಳು. ಅಕ್ಕ ಬೇಗಬೇಗ ಒಂದರ ಹಿಂದೊಂದು ಒತ್ತಿದಳು.

ಆ ರೀಲು ತೊಳೆಸಲು ಕೊಟ್ಟ ವಾರದಲ್ಲೇ ಕಡ್ಡಿ ಹೋದಳು.

ಎಲ್ಲ ಮುಗಿದ ಮೇಲೆ ಅಕ್ಕ ಸ್ಟುಡಿಯೋಗೆ ಹೋದಾಗ ಯಜಮಾನರು ತಾವೇ ಎದ್ದು ಬಂದು ಲಕೋಟೆ ಕೊಟ್ಟರು. ಅವರಿಗೇನು ಗೊತ್ತು ಪಾಪ. "ನಾನು ಹೇಳ್ಲಿಲ್ವಾ? ಒಂದನ್ನ ದೊಡ್ಡದು ಮಾಡ್ಸಿದೀನಿ ನೋಡಿ, ರೆಪ್ಪೆಗೂದಲು ಎಣಿಸ್ಬಹುದು."

ನಿಜವೇ, ಎಣಿಸಬಹುದಿತ್ತು. ಉಬ್ಬಿದ ಕೆನ್ನೆ, ಒಳಕ್ಕೆ ಕಚ್ಚಿ ಹಿಡಿದ ತುಟಿ, ಕತ್ತಿನಲ್ಲಿ ಎದ್ದುನಿಂತ ನರ, ಸಾಕಾ ಅಕ್ಕ ಎಂದು ಕೇಳುವ ಕಣ್ಣು, ಎಲ್ಲವೂ ಸ್ಪಷ್ಟ. ಉಳಿದವನ್ನು ಒಂದೊಂದಾಗಿ ತಿರುವಿ ಹಾಕಿದಳು. ಪ್ರತಿಯೊಂದರಲ್ಲೂ ಕಡ್ಡಿ ಉಸಿರು ಹಿಡಿದೇ ಕೂತಿದ್ದಳು. ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಲಕೋಟೆಯನ್ನು ಪೆಟ್ಟಿಗೆಯ ತಳದಲ್ಲಿ, ಬಟ್ಟೆಗಳ ಅಡಿಗೆ ತುರುಕಿದಳು. ಖಾಲಿ ಮಂಚದ ಮೇಲೆ ಕೂತು ಕಣ್ಣು ಮುಚ್ಚಿ ತಂಗಿಯನ್ನು ಕರೆದಳು. ಒಂದು ಹುಬ್ಬು ಎತ್ತಿ ರೇಗಿಸುವ ತಂಗಿಯನ್ನು, ನಿನ್ನೆಯವರೆಗೂ ಕರೆಯದೆಯೇ ಬರುತ್ತಿದ್ದವಳನ್ನು. ಬಂದಳು. ಉಬ್ಬಿದ ಕೆನ್ನೆ, ಕಚ್ಚಿದ ತುಟಿ. ಕಣ್ಣು ತೆರೆದು ಮತ್ತೆ ಮುಚ್ಚಿದಳು. ಅದೇ ಮುಖ ಬಂತು.

"ಉಸಿರು ಬಿಡೇ ಕಡ್ಡಿ," ಎಂದು ಅಕ್ಕ ಬಿಕ್ಕಿದಳು. "ಸಾಕು, ಬಿಡೇ."

ಕಡ್ಡಿ ಬಿಡಲಿಲ್ಲ.