ಹೆಡ್‌ಗುಮಾಸ್ತರ ಎದೆಯ ನಿರಿಗೆಗಳು

ಪಿಂಗಾಣಿ ಕಪ್ಪುಬಸಿ ಮಾಡುವ ಆ ಕಾರ್ಖಾನೆಯ ಯಜಮಾನರ ತಲೆಗೆ ‘ಇಲ್ಲಿ ಎಲ್ಲರೂ ಸಮಾನರು’ ಎಂಬ ಹುಚ್ಚು ಹೊಕ್ಕಿದ್ದೇ ತಡ, ಬೂದು ಬಣ್ಣದ ಬಟ್ಟೆಯ ಥಾನುಗಳು ಬಂದಿಳಿದವು. ಮಣ್ಣು ಕಲಸುವವನಿಂದ ಹಿಡಿದು ಯಜಮಾನರವರೆಗೆ ಪ್ರತಿಯೊಬ್ಬರೂ ಅಂಗಿಯ ಮೇಲೆ ಒಂದೇ ಥರದ ಸ್ಮಾಕ್ ತೊಡಬೇಕೆಂದು ಆಜ್ಞೆಯಾಯಿತು. ಸ್ಮಾಕ್ ಎಂದರೆ ಮೊಣಕಾಲಿನವರೆಗೆ ಜೋತುಬೀಳುವ, ಒಳಗೆ ಇನ್ನೊಬ್ಬರು ಸಂಸಾರ ಹೂಡಬಹುದಾದಷ್ಟು ಸಡಿಲವಾದ ನಿಲುವಂಗಿ. ಕೂಲಿಯವರು ಅದಕ್ಕೆ ಗೋಣಿ ಎಂದು ಹೆಸರಿಟ್ಟು, ತೊಟ್ಟು, ತಮ್ಮ ಪಾಡಿಗೆ ಕೆಲಸಕ್ಕೆ ಹೋದರು. ಸಂಕಟ ಶುರುವಾದದ್ದು ಆಫೀಸಿನಲ್ಲಿ.

ಹೆಡ್‌ಗುಮಾಸ್ತರಿಗೆ ಅವತ್ತು ಊಟ ಸೇರಲಿಲ್ಲ. ಹೊಸದಾಗಿ ಸೇರಿದ ಯಾವನೋ ಅವರನ್ನು ಕಂಡು, “ಏನಪ್ಪಾ, ಆ ಬಕೆಟ್ ಇತ್ಲಾಗೆ ಕೊಡು” ಎಂದಿದ್ದ. ಮನೆಗೆ ಬಂದವರೇ ಸ್ಮಾಕನ್ನು ಹೆಂಡತಿಯ ಮುಂದೆ ಎಸೆದರು.

“ಇದಕ್ಕೊಂದು ಮರ್ಯಾದೆ ಬರೋ ಹಾಗೆ ಏನಾದ್ರೂ ಮಾಡು.”

ಹೆಂಡತಿ ಅದೇ ಕಾರ್ಖಾನೆಯಲ್ಲಿ ಬಸಿಗಳ ಮೇಲೆ ಹೂ ಬರೆಯುವ ವಿಭಾಗದವಳು. ಎದೆಯ ಭಾಗದ ಬಟ್ಟೆಯನ್ನು ಸಣ್ಣ ಸಣ್ಣ ನಿರಿಗೆಗಳಾಗಿ ಒತ್ತಿ ಹಿಡಿದು, ನಿರಿಗೆಗೆ ನಿರಿಗೆ ಕೂಡಿಸಿ, ಮೇಲೆ ಜೇನುಗೂಡಿನ ಹಾಗೆ ನೀಲಿ ದಾರದ ಹೊಲಿಗೆ ಹಾಕಿದಳು. ಈ ಸ್ಮಾಕಿಂಗ್ ಕೆಲಸ ಅವಳು ಚಿಕ್ಕಂದಿನಲ್ಲಿ ಅಜ್ಜಿಯಿಂದ ಕಲಿತದ್ದು. ಗೋಣಿಯಂತಿದ್ದದ್ದು ಮೈಗೆ ಹಿಡಿದು ಕೂತಿತು. ಮರುದಿನ ಹೆಡ್‌ಗುಮಾಸ್ತರು ಎದೆ ಉಬ್ಬಿಸಿಕೊಂಡು ಆಫೀಸಿಗೆ ಬಂದ ಠೀವಿ ನೋಡಿದರೆ ಕಾರ್ಖಾನೆಯನ್ನು ಅವರ ಅಪ್ಪನೇ ಕಟ್ಟಿಸಿದ್ದಿರಬೇಕು ಅನ್ನಿಸುತ್ತಿತ್ತು.

ವಾರ ಕಳೆಯುವುದರೊಳಗೆ ಉಗ್ರಾಣದ ಅಧಿಕಾರಿಯ ಎದೆಯ ಮೇಲೂ ನಿರಿಗೆ ಎದ್ದಿತು, ಅದೂ ಒಂದು ಸಾಲು ಹೆಚ್ಚಿಗೆ. ಲಾಭ ಯಾವ ಕಡೆ ಎಂದು ತೂಗಿ ನೋಡದೆ ತಲೆಯಾಡಿಸದ ಆತನನ್ನು ಎಲ್ಲರೂ ಬೆನ್ನ ಹಿಂದೆ ತಕ್ಕಡಿ ಎನ್ನುತ್ತಿದ್ದರು. ಮ್ಯಾನೇಜರ್ ಕುರ್ಚಿ ಖಾಲಿಯಿತ್ತು. ಇಬ್ಬರಿಗೂ ಅದರ ಮೇಲೇ ಕಣ್ಣು. ತಕ್ಕಡಿ ಒಂದು ಸಾಲು ಏರಿಸಿದರೆ ಗುಮಾಸ್ತರು ಎರಡು ಏರಿಸಿದರು. ನಿರಿಗೆ ಎದೆಯಿಂದ ಹೊಟ್ಟೆಗಿಳಿಯಿತು, ಭುಜ ಹತ್ತಿತು, ತೋಳಿಗೆ ಹಬ್ಬಿತು. ಯಜಮಾನರೇನು ಸುಮ್ಮನಿದ್ದರೇ? ಸಮಾನತೆಯ ಮೇಲಿನ ಅಭಿಮಾನದಿಂದ ಅವರು ರೇಷ್ಮೆ ದಾರದಲ್ಲೇ ಹೊಲಿಸಿಕೊಂಡರು.

ಅಷ್ಟರಲ್ಲಿ ಹೂ ಬರೆಯುವ ವಿಭಾಗ ಮುಚ್ಚುವ ಸುದ್ದಿ ಬಂತು. ಅಚ್ಚಿನ ಹೂ ಅಂಟಿಸುವ ಯಂತ್ರ ಬರುತ್ತದಂತೆ, ಹೆಂಗಸರೆಲ್ಲ ಮನೆಗಂತೆ. ಆದರೆ ಕಾರ್ಖಾನೆಯ ಸಮಿತಿಯಲ್ಲಿ ಒಬ್ಬರಾದರೂ ಬೇಡವೆಂದು ಕೈ ಎತ್ತಿದರೆ ಯಾವ ವಿಭಾಗವನ್ನೂ ಮುಚ್ಚುವಂತಿಲ್ಲ ಎಂಬ ಹಳೆಯ ನಿಯಮವೊಂದಿತ್ತು. ಆ ಸಮಿತಿಯಲ್ಲಿ ಹೆಡ್‌ಗುಮಾಸ್ತರೂ ಇದ್ದರು.

“ನೀವು ಎತ್ತುತೀರಿ ತಾನೆ?” ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

“ನಾನೇನು ಸತ್ತಿದೀನಾ? ಒಂದಲ್ಲ, ಎರಡೂ ಕೈ ಎತ್ತುತೀನಿ. ನಿನ್ನ ಜೊತೆಯವರಿಗೆ ಹೇಳ್ಬಿಡು, ಆರಾಮಾಗಿರಿ ಅಂತ.”

ಅವಳು ಹೇಳಿದಳು. ಆ ಹೆಂಗಸರಲ್ಲಿ ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದ, ಇನ್ನೊಬ್ಬಳಿಗೆ ಮನೆ ತುಂಬ ಮಕ್ಕಳು. ಪಾಪ, ಅವರೆಲ್ಲ ಈ ಮಾತು ನಂಬಿದರು.

ಸಭೆಯ ದಿನ ಯಜಮಾನರು ಯಂತ್ರದ ಗುಣಗಾನ ಮುಗಿಸಿ, “ಬೇಡ ಅನ್ನೋರು ಕೈ ಎತ್ತಿ” ಎಂದು ನೇರವಾಗಿ ಹೆಡ್‌ಗುಮಾಸ್ತರನ್ನು ನೋಡಿದರು. ಮಗ್ಗುಲಲ್ಲೇ ಮ್ಯಾನೇಜರ್ ಕುರ್ಚಿ ಖಾಲಿ ಕೂತಿತ್ತು. ತಕ್ಕಡಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಹಸುಗೂಸಿನ ಮುಖ ಮಾಡಿದ್ದ. ಗುಮಾಸ್ತರ ಕೈ ಮೇಜಿನಿಂದ ಎದ್ದಿತು, ಭುಜದ ಮಟ್ಟಕ್ಕೆ ಬಂತು. ಅಲ್ಲಿ ತೋಳಿನ ನಿರಿಗೆ ತುಸು ಬಿಗಿಯಾಯಿತು. ಅದಕ್ಕೇ ಕಾಯುತ್ತಿದ್ದಂತೆ ಕೈ ಕಾಲರಿನತ್ತ ತಿರುಗಿ, ಕತ್ತು ಕೆರೆದು, ಕೆಳಗಿಳಿಯಿತು. “ಹಾಗಾದ್ರೆ ಎಲ್ಲರಿಗೂ ಒಪ್ಪಿಗೆ” ಎಂದರು ಯಜಮಾನರು. ಸಂಜೆಯೊಳಗೆ ಕುರ್ಚಿ ಗುಮಾಸ್ತರದಾಯಿತು.

ಮನೆಗೆ ಬಂದರೆ ಹೂ ಬರೆಯುವ ಹೆಂಗಸರೆಲ್ಲ ನಡುಕೋಣೆಯಲ್ಲಿ ಕೂತಿದ್ದರು. ವಿಭಾಗದ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಗುಮಾಸ್ತರು ಹೊಸಿಲಲ್ಲೇ ಕಣ್ಣು ಒದ್ದೆ ಮಾಡಿಕೊಂಡರು. ಕುರ್ಚಿಯ ವಿಷಯ ಬಾಯಿ ಬಿಡಲಿಲ್ಲ.

“ಎತ್ತೋಕೆ ಹೋದೆ ಕಣ್ರಮ್ಮಾ. ನೋಡಿ, ಕೈ ಇಲ್ಲಿವರೆಗೆ ಬಂತು, ಇಲ್ಲಿ ಹಿಡ್ಕೊಂಡ್ಬಿಡ್ತು. ಇವಳು ಹೊಲಿದಿರೋ ಬಿಗಿಗೆ ಒಂದು ಬೆರಳೂ ಮೇಲಕ್ಕೆ ಹೋಗ್ಲಿಲ್ಲ. ನಾನು ಕೈಬಿಡಿಸ್ಕೊಳ್ಳೋದ್ರೊಳಗೆ ಮುಗಿದೇ ಹೋಯ್ತು.”

ಹೆಂಗಸರು ತಿರುಗಿ ಹೆಂಡತಿಯನ್ನು ನೋಡಿದರು. ಅವಳ ಮುಖ ಕೆಂಪಾಯಿತು. ಎದ್ದು ಅಡುಗೆಮನೆಗೆ ಹೋದಳು.

“ಪಾಪ, ಬಟ್ಟೆನೇ ಹಾಗಿದ್ರೆ ಅವರಾದ್ರೂ ಏನು ಮಾಡ್ತಾರೆ,” ಎಂದಳು ಹಾಸಿಗೆ ಹಿಡಿದವನ ಹೆಂಡತಿ. ಉಳಿದವರೂ ಹೌದೆಂದರು. ಗುಮಾಸ್ತರಿಗೆ ಹಾಯೆನಿಸಿತು. ಇಷ್ಟು ಅಗ್ಗಕ್ಕೆ ಮುಗಿಯುತ್ತದೆಂದು ಅವರು ಎಣಿಸಿರಲಿಲ್ಲ.

“ಟೀಗೆ ಸಕ್ಕರೆ ಮುಗಿದಿದೆ,” ಹೆಂಡತಿಯ ದನಿ ಬಂತು. “ಮೇಲಿನ ಹಲಗೆ ಮೇಲಿರೋ ಡಬ್ಬ ಸ್ವಲ್ಪ ಕೊಡ್ತೀರಾ? ನನಗೆ ಎಟುಕಲ್ಲ.”

ಅನುಕಂಪದಲ್ಲಿ ತೇಲುತ್ತಿದ್ದ ಗುಮಾಸ್ತರು ಉತ್ಸಾಹದಿಂದಲೇ ಎದ್ದು ಹೋಗಿ, ತುದಿಗಾಲಲ್ಲಿ ನಿಂತು, ಕೈ ಚಾಚಿದರು. ತೋಳಿನ ನಿರಿಗೆ ಬಿಚ್ಚಿಕೊಂಡಿತು, ಭುಜದ್ದು ಅಗಲವಾಯಿತು, ಹೊಟ್ಟೆಯದು ಹಿಂದೆಯೇ ಸಡಿಲಿತು. ಒಂದು ಎಳೆಯೂ ಕಿತ್ತುಬರದೆ ಕೈ ಸೂರಿನ ಹತ್ತಿರ ಹೋಗಿ ಡಬ್ಬ ಹಿಡಿದುಕೊಂಡಿತು.

ಅಡುಗೆಮನೆಯ ಬಾಗಿಲು ಪೂರಾ ತೆರೆದಿತ್ತು. ನಡುಕೋಣೆಯಲ್ಲಿ ಗುಜುಗುಜು ನಿಂತಿತು. ಅದು ಯಾಕೆ ನಿಂತಿತೆಂದು ಗುಮಾಸ್ತರಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ಕೈ ಇಳಿಸಲು ಧೈರ್ಯ ಬರಲಿಲ್ಲ.

“ಎಳೆದಷ್ಟೂ ಹಿಗ್ಗಲಿ ಅಂತಲೇ ಈ ಹೊಲಿಗೆ ಹಾಕೋದು,” ಎಂದಳು ಹೆಂಡತಿ, ಅವರಿಗಲ್ಲ, ಆ ಹೆಂಗಸರಿಗೆ.

ಹಾಸಿಗೆ ಹಿಡಿದವನ ಹೆಂಡತಿ ಮೊದಲು ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಚಪ್ಪಲಿ ಮೆಟ್ಟಿ ಹೊರಟರು. ಯಾರಾದರೂ ನಾಲ್ಕು ಮಾತು ಬೈದಿದ್ದರೂ ಗುಮಾಸ್ತರಿಗೆ ಸಮಾಧಾನವಾಗುತ್ತಿತ್ತು; ಯಾರೂ ಬೈಯಲಿಲ್ಲ. ಕೊನೆಯವಳು ದಾಟಿದ ಮೇಲೆ ಹೆಂಡತಿ ಒಲೆ ಆರಿಸಿದಳು.

“ಇಳಿಸಿ ಕೈ,” ಎಂದಳು. “ಈಗ ಎತ್ತಿದ್ರೆ ಯಾರಿಗೇನು ಬಂತು.”